ಮಗಳ ಕೋಣೆಯ ಕಡುನೇರಳೆ

ನಮ್ಮ ಮನೆ ಮಾರಾಟವಾಗದೇ ಇರೋದಕ್ಕೆ ಕಾರಣ ಒಂದು ಬಣ್ಣ ಅಂತ ಮೊದಲು ಹೇಳಿದವಳು ನಮ್ಮ ರಿಯಲ್ ಎಸ್ಟೇಟ್ ಏಜೆಂಟ್. ಬೂಟು ಬಿಚ್ಚದೇ ಮಹಡಿ ಹತ್ತಿ, ಮಗಳ ಕೋಣೆಯ ಬಾಗಿಲಲ್ಲೇ ನಿಂತು, 'ಇದು ಹೋಗಬೇಕು' ಅಂದಳು. ಇದು ಅಂದರೆ ಯಾವುದು, ಮಂಚವೋ ಮೇಜೋ ಅಂತ ನಾನು ಒಳಗೆಲ್ಲ ಕಣ್ಣಾಡಿಸಿದೆ. ಅವಳು ಗೋಡೆಗೆ ಬೆರಳು ಮಾಡಿ ತೋರಿಸಿದಳು. ಕಿಟಕಿಯಿರುವ ಗೋಡೆ ಬಿಟ್ಟು ಉಳಿದ ಮೂರೂ ಕಡುನೇರಳೆ. ಆ ಬಣ್ಣ ನಾನೇ ಆರಿಸಿದ್ದು, ಮಗಳ ಜೊತೆ ಸೇರಿಕೊಂಡು ನಾನೇ ಬಳಿದದ್ದು. ನನಗೆ ಬಣ್ಣ ಅನ್ನೋದು ಹೊತ್ತು ಕಳೆಯೋಕೆ ಹಿಡಿದ ಹವ್ಯಾಸ ಅಲ್ಲ, ಹೊಟ್ಟೆಪಾಡು. ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರಿನ ಸೀಟಿನ ಬಟ್ಟೆ ತಯಾರಿಸುವ ಕಂಪನಿಯೊಂದರಲ್ಲಿ ಬಣ್ಣದ ಡಿಸೈನರ್ ಆಗಿದ್ದೆ. ಆ ಕಾಲದಲ್ಲಿ ನಮ್ಮ ಕಡೆ ಯಾರನ್ನು ಕೇಳಿದರೂ ಹೀಗೇ, ಏನೋ ಒಂದು 'ಆಗಿದ್ದೆ' ಅಂತಲೇ ಹೇಳುತ್ತಿದ್ದರು.

ಅಮೆರಿಕದಲ್ಲಿ ರಿಸೆಷನ್ ಶುರುವಾಗಿ ಕಾರಿನ ಕಂಪನಿಗಳು ಮುಗ್ಗರಿಸಿದ ಮೇಲೆ ಮೊದಲು ನನ್ನ ಡಿಪಾರ್ಟ್‌ಮೆಂಟ್ ಮುಚ್ಚಿತು. ಆಮೇಲೆ ನಮ್ಮವರನ್ನು ಅವರ ಪ್ಲಾಂಟಿನಿಂದ ತೆಗೆದರು. ಅಪ್ಲೈ ಮಾಡಿ ಮಾಡಿ ಸುಸ್ತಾಗಿ, ಕೊನೆಗೆ ಅವರಿಗೆ ಶಿಕಾಗೋ ಪಕ್ಕದ ಓಕ್ ಬ್ರೂಕ್‌ನಲ್ಲಿ ಕೆಲಸ ಸಿಕ್ಕಿತು. ಅಲ್ಲೊಂದು ಪುಟ್ಟ ಅಪಾರ್ಟ್‌ಮೆಂಟ್ ಹಿಡಿದರು. ಶುಕ್ರವಾರ ಆಫೀಸ್ ಮುಗಿಸಿಕೊಂಡು ಅಲ್ಲಿಂದ ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಮನೆವರೆಗೆ ಡ್ರೈವ್ ಮಾಡಿಕೊಂಡು ಬರೋರು, ಭಾನುವಾರ ಊಟ ಮಾಡಿ, ಸಾರು ಪಲ್ಯ ಡಬ್ಬಿಗಳಿಗೆ ತುಂಬಿಸಿಕೊಂಡು ವಾಪಸ್ ಹೊರಡೋರು. ಮನೆ ಮಾರಿದರೆ ನಾನೂ ಮಗಳೂ ಅವರ ಜೊತೆ ಹೋಗಬಹುದಿತ್ತು. ಎರಡು ಊರಲ್ಲಿ ಸಂಸಾರ ನಡೆಸೋದು ಬಹಳ ದಿನ ಆಗೋ ಮಾತಾಗಿರಲಿಲ್ಲ. ಬೇಸಿಗೆ ರಜ ಮುಗಿಯೋದರೊಳಗೆ ಮಾರಿದರೆ ಮಗಳು ಹೈಸ್ಕೂಲನ್ನು ಅಲ್ಲೇ ಶುರು ಮಾಡಬಹುದು ಅನ್ನೋದು ನಮ್ಮ ಲೆಕ್ಕಾಚಾರ. ಆದರೆ ನಮ್ಮ ಬಡಾವಣೆಯಲ್ಲಿ ಮನೆ ಮಾರೋ ಬೋರ್ಡು ಇಲ್ಲದ ಹುಲ್ಲುಹಾಸನ್ನು ಹುಡುಕಬೇಕಿತ್ತು, ಕೊಳ್ಳೋರು ಮಾತ್ರ ಕಾಣುತ್ತಿರಲಿಲ್ಲ.

ಆ ನೇರಳೆ ಬಂದದ್ದು ಒಂದು ರೇಷ್ಮೆ ಲಂಗದಿಂದ. ನಮ್ಮಮ್ಮ ಮೈಸೂರಿನಿಂದ ದಸರಾಕ್ಕೆ ಅಂತ ಮೊಮ್ಮಗಳಿಗೆ ಕಳಿಸಿದ್ದರು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಗಳು ಅದನ್ನು ಹಾಕಿಕೊಳ್ಳೋಕೆ ಸುತರಾಂ ಒಪ್ಪಲಿಲ್ಲ, ಚುಚ್ಚುತ್ತೆ ಅಂದಳು. ಆದರೆ ಬೀರುವಿನಲ್ಲಿ ಇಡೋಕೂ ಬಿಡದೇ ಕುರ್ಚಿಯ ಬೆನ್ನಿಗೆ ಹರವಿಕೊಂಡಿದ್ದಳು. ಒಂದು ದಿನ ಬಂದು, ನನ್ನ ರೂಮು ಈ ಬಣ್ಣ ಆಗಬೇಕು ಅಂದಳು. ನನಗೆ ಎಷ್ಟು ಖುಷಿಯಾಯಿತು ಅಂದರೆ ಹೇಳತೀರದು. ಆಫೀಸಿನಲ್ಲಿ ನಾನು ಮಾಡುತ್ತಿದ್ದದ್ದೆಲ್ಲ ಬೂದಿ, ಮರಳು, ಇದ್ದಿಲು. ಬೂದಿಯಲ್ಲೇ ಎಷ್ಟು ಬಗೆ ಅಂತ ಕೇಳಿ, ಹೇಳುತ್ತೀನಿ. ಬೇರೆ ಬಣ್ಣ ತೋರಿಸಿದರೆ ಮೀಟಿಂಗಿನಲ್ಲಿ ಎಲ್ಲರೂ ನಯವಾಗಿ ನಕ್ಕು, ಗ್ರಾಹಕರು ಒಪ್ಪೋದಿಲ್ಲ ಅನ್ನೋರು. ಮನೆಯಲ್ಲಾದರೂ ಯಾರೂ ಅಡ್ಡ ಬರೋರಿಲ್ಲವಲ್ಲ ಅಂತ ಲಂಗ ಬಗಲಲ್ಲಿಟ್ಟುಕೊಂಡು ಪೇಂಟ್ ಅಂಗಡಿಗೆ ಹೊರಟೆ.

ಕಡುನೇರಳೆ ಸುಲಭದ ಬಣ್ಣ ಅಲ್ಲ. ಕೆಂಪಿನ ಕಡೆ ಒಂದು ತೊಟ್ಟು ವಾಲಿದರೆ ಬದನೆಕಾಯಿ, ನೀಲಿಯ ಕಡೆ ವಾಲಿದರೆ ಶಾಯಿ, ಕಪ್ಪು ಹೆಚ್ಚಾದರೆ ಸೂತಕದ ಮನೆ. ಕೋಣೆಗೆ ಬರೋ ಬೆಳಕನ್ನೆಲ್ಲ ಕುಡಿದುಬಿಡುತ್ತೆ, ಅದಕ್ಕೇ ಕಿಟಕಿಯ ಗೋಡೆಯನ್ನು ಹಾಲಿನ ಕೆನೆಯ ಬಣ್ಣಕ್ಕೆ ಬಿಟ್ಟಿದ್ದು. ಪಕ್ಕದಲ್ಲಿ ಹಿತ್ತಾಳೆ ಇಟ್ಟರೆ ಎರಡೂ ಕಳೆಗಟ್ಟುತ್ತವೆ, ಸ್ಟೀಲು ಇಟ್ಟರೆ ಎರಡೂ ಅಗ್ಗವಾಗಿ ಕಾಣುತ್ತವೆ. ಇದನ್ನೆಲ್ಲ ಮಗಳಿಗೆ ಹೇಳುತ್ತಾ ಹೇಳುತ್ತಾ ಬಳಿದಿದ್ದೆ. ಅವಳು ಕಿವಿಗೆ ಹಾಡು ಸಿಕ್ಕಿಸಿಕೊಂಡು ರೋಲರ್ ಎಳೆಯುತ್ತಿದ್ದಳು, ಕೇಳಿಸಿಕೊಂಡಳೋ ಇಲ್ಲವೋ.

ಏಜೆಂಟ್ ಬಂದು ಹೋದ ಮೇಲೆ ನಾನು ಬಣ್ಣ ಬದಲಾಯಿಸಲಾ ಅಂತ ಸಿಕ್ಕಸಿಕ್ಕವರನ್ನೆಲ್ಲ ಕೇಳಿದೆ, ಅದೇ ನಾನು ಮಾಡಿದ ಪೆದ್ದುತನ. ಹಿಂದಿನ ಬೀದಿಯ ಧಾರವಾಡದ ಆಂಟಿ ಬಂದು ನೋಡಿ, 'ಈ ಬಣ್ಣದಾಗ ಹುಡುಗಿ ಹೆಂಗ ಮಲಗತಾಳ್ರೀ? ಅದೂ ಈಶಾನ್ಯದ ಖೋಲಿ. ಮನಿ ಹೆಂಗ ಮಾರಾಟ ಆಗಬೇಕು' ಅಂದರು. ಫೋನಿನಲ್ಲಿ ನಮ್ಮವರು, 'ಏಜೆಂಟ್ ಹೇಳಿದ ಹಾಗೆ ಮಾಡು ಕಣೇ, ಅವಳಿಗೆ ಗೊತ್ತಿರುತ್ತೆ' ಅಂದರು. ಬಣ್ಣದ ವಿಷಯದಲ್ಲಿ ನನಗಿಂತ ಅವಳಿಗೆ ಗೊತ್ತಿರುತ್ತೆ ಅಂದದ್ದಕ್ಕೆ ನನಗೆ ಮೈಯೆಲ್ಲ ಉರಿಯಿತು. ಮಗಳನ್ನು ಕೇಳಿದೆ. ಅವಳು ಎಂದಿನ ಹಾಗೆ ಇಂಗ್ಲಿಷಿನಲ್ಲೇ, ಏನಾದ್ರೂ ಮಾಡ್ಕೋ ಅಂದಳು. ಆ ಮಾತಿಗೆ ಒಪ್ಪಿಗೆ ಅಂತ ಅರ್ಥವೋ ಕೋಪ ಅಂತ ಅರ್ಥವೋ ನನಗೆ ತಿಳಿಯಲಿಲ್ಲ. ನಾನು ಒಪ್ಪಿಗೆ ಅಂತಲೇ ತೊಗೊಂಡೆ.

ಪೇಂಟರನ್ನು ಏಜೆಂಟೇ ಕಳಿಸಿದಳು. ಅವನು ಬಂದ ದಿನ ನಾನು ನೋಡಲಾರದೇ ತರಕಾರಿ ತರುವ ನೆವ ಮಾಡಿಕೊಂಡು ಹೊರಟುಹೋದೆ. ವಾಪಸ್ ಬರುವಷ್ಟರಲ್ಲಿ ಕೋಣೆ ಮರಳಿನ ಬಣ್ಣಕ್ಕೆ ತಿರುಗಿತ್ತು. ನಾನು ಆಫೀಸಿನಲ್ಲಿ ಎಷ್ಟೋ ವರ್ಷ ಸೀಟಿಗೆ ಬಳಸಿದ ಅದೇ ಮರಳು. ಮನೆ ಚೊಕ್ಕವಾಗಿ ಕಾಣಲಿ ಅಂತ ಏಜೆಂಟ್ ಬೇಸ್‌ಮೆಂಟಿನಲ್ಲಿದ್ದ ಹಳೇ ಪೇಂಟ್ ಡಬ್ಬಿಗಳನ್ನೂ ಎಸೆಯಿಸಿದ್ದಳು. ಆ ವಾರ ಮನೆ ನೋಡೋಕೆ ಬಂದವರೊಬ್ಬರು ಈ ಮನೆಗೆ ಒಂದು ಲಕ್ಷಣವೇ ಇಲ್ಲ ಅಂದರಂತೆ. ಬರ್ತೀನಿ ಅಂದಿದ್ದ ಇನ್ನೊಬ್ಬರು ಬರಲೇ ಇಲ್ಲ. ಧಾರವಾಡದ ಆಂಟಿ ಮೇಲೆ ಹೋಗಿ ನೋಡಿಕೊಂಡು ಬಂದು, 'ಯಾಕ ಬ್ಯಾರೆ ಬಣ್ಣ ಹಚ್ಚಿಸಿದ್ರಿ? ಮೊದಲಿಂದೇ ಚಲೋ ಇತ್ತಲ್ರೀ' ಅಂದರು. ನಾನು ಕಾಫಿ ಸೋಸಿ ಅವರ ಕೈಗೆ ಕೊಟ್ಟೆ.

ಆಮೇಲೆ ಏಜೆಂಟ್ ಫೋನ್ ಮಾಡಿದಳು. ಒಂದು ಸಂಸಾರ ನಮ್ಮ ಮನೆಯನ್ನೂ ಇನ್ನೊಂದು ಮನೆಯನ್ನೂ ನೋಡಿ ಯಾವುದು ಅಂತ ತೀರ್ಮಾನಿಸಲಾರದೇ ಕೂತಿದೆಯಂತೆ. ಅವರ ಮಗಳು ಇಂಟರ್ನೆಟ್ಟಿನಲ್ಲಿ ನಮ್ಮ ಮನೆಯ ಹಳೇ ಫೋಟೋ ನೋಡಿ ಆ ನೇರಳೆ ಕೋಣೆಗೆ ಮನಸೋತಿದ್ದಳಂತೆ, ಬಂದು ನೋಡಿದರೆ ಆ ಕೋಣೆಯೇ ಇಲ್ಲ ಅಂತ ಮುಖ ಸಣ್ಣ ಮಾಡಿಕೊಂಡಿದ್ದಳಂತೆ. ಶನಿವಾರಕ್ಕೆ ಇನ್ನೊಂದು ಸಲ ಬರುತ್ತಾರೆ, ಅಷ್ಟರಲ್ಲಿ ಅದೇ ಬಣ್ಣ ಮತ್ತೆ ಬಳಿಯೋಕಾಗುತ್ತಾ, ಬಳಿದರೆ ಈ ಮನೆ ಮಾರಾಟವಾದ ಹಾಗೇ ಅಂದಳು. ಅವಳ ದನಿಯಲ್ಲಿ ನಾಚಿಕೆ ಅನ್ನೋದರ ಸುಳಿವೂ ಇರಲಿಲ್ಲ. ನನ್ನ ಬಾಯಿಗೆ ಬಂದ ಮಾತೆಲ್ಲ ಕನ್ನಡದ್ದಾದ್ದರಿಂದ ಅವಳು ಬಚಾವಾದಳು. ನಮ್ಮವರಿಗೆ ಹೇಳಿದೆ. 'ಅಷ್ಟೇ ತಾನೆ, ಬಳಿದುಬಿಡು. ನೀನು ಬಣ್ಣದವಳೇ ಅಲ್ವಾ' ಅಂದರು. ಎಷ್ಟೋ ತಿಂಗಳ ಮೇಲೆ ಅವರ ದನಿಯಲ್ಲಿ ಸ್ವಲ್ಪ ಜೀವ ಬಂದ ಹಾಗಿತ್ತು. ಹೂಂ ರೀ, ಮಾಡ್ತೀನಿ ಅಂದೆ.

ಮಾಡೋದು ಹೇಗೆ? ಹಳೇ ಡಬ್ಬಿ ಕಸಕ್ಕೆ ಹೋಗಿತ್ತು. ನಾನು ಹೇಳಿದ ಹಾಗೆ ತೊಟ್ಟು ತೊಟ್ಟಾಗಿ ಬೆರೆಸಿಕೊಟ್ಟಿದ್ದ ಪೇಂಟ್ ಅಂಗಡಿಯೂ ಆ ಚಳಿಗಾಲದಲ್ಲಿ ಮುಚ್ಚಿಹೋಗಿತ್ತು. ಗೋಡೆಯ ಮೂಲೆ ಕೆರೆದು ನೋಡಿದೆ, ಮೇಲಿನ ಬಿಳಿ ಪ್ರೈಮರ್ ಕೂಡಿಕೊಂಡು ಬೂದಿ ಮೆತ್ತಿದ ನೇರಳೆ ಕಿತ್ತು ಬಂತು. ಕೊನೆಗೆ ಲಂಗ ಹಿಡಿದುಕೊಂಡು ದೊಡ್ಡ ಅಂಗಡಿಗೆ ಹೋದೆ. ಅಲ್ಲಿ ಬಟ್ಟೆಯ ಬಣ್ಣ ಓದೋ ಮಿಷನ್ ಇದೆ. ಮಿಷನ್ ಮೊದಲು ನೀಲಿ ಕಡೆಯ ನೇರಳೆ ಅಂದಿತು. ಲಂಗವನ್ನು ಅಡ್ಡಡ್ಡ ತಿರುಗಿಸಿ ಇಟ್ಟರೆ ಕೆಂಪು ಕಡೆಯದು ಅಂದಿತು. ಕೌಂಟರಿನ ಹುಡುಗಿ ಮಿಷನ್ ಕೆಟ್ಟಿದೆ ಅಂತ ಕ್ಷಮೆ ಕೇಳಿದಳು. ಮಿಷನ್ ಏನೂ ಕೆಟ್ಟಿರಲಿಲ್ಲ. ನಮ್ಮ ರೇಷ್ಮೆಯಲ್ಲಿ ಉದ್ದದ ಹಾಸು ನೂಲಿಗೆ ಒಂದು ಬಣ್ಣ, ಅಡ್ಡದ ಹೊಕ್ಕು ನೂಲಿಗೆ ಇನ್ನೊಂದು, ಆ ಎರಡೂ ಸೇರಿ ಆಡಿಸೋ ಆಟ ಅದು. ನಿಂತ ಕಡೆಯಿಂದ ನೋಡಿದರೆ ಒಂದು, ಕೂತು ನೋಡಿದರೆ ಇನ್ನೊಂದು. ಮೈಸೂರಿನಲ್ಲಿ ಹುಟ್ಟಿ ಬೆಳೆದವಳು ಅಂಥ ರೇಷ್ಮೆಯನ್ನು ಅಮೆರಿಕದ ಗೋಡೆಗೆ ಹೊಂದಿಸೋಕೆ ಹೊರಟಿದ್ದೆನಲ್ಲ ಅಂತ ಪಾರ್ಕಿಂಗ್ ಲಾಟಿನಲ್ಲಿ ಕಾರೊಳಗೆ ಕೂತು ಒಬ್ಬಳೇ ನಕ್ಕೆ.

ಇನ್ನು ಉಳಿದದ್ದು ನನ್ನ ಕಣ್ಣು. ಬೇಸ್‌ಮೆಂಟಿನಲ್ಲಿ ಕಿಟಕಿಯ ಕೆಳಗೆ ಮೇಜು ಹಾಕಿಕೊಂಡು, ಬಣ್ಣ ಸೇರಿಸದ ಪೇಂಟಿನ ಡಬ್ಬಿ, ನೀಲಿ ಕೆಂಪು ಕಪ್ಪಿನ ಪುಟ್ಟ ಬಾಟಲುಗಳನ್ನು ತಂದಿಟ್ಟುಕೊಂಡೆ. ನೆನಪಿನಿಂದ ಸ್ವಲ್ಪ ಸ್ವಲ್ಪವೇ ಬೆರೆಸಿ, ರಟ್ಟಿನ ಹಿಂದೆ ತೊಟ್ಟಿನ ಲೆಕ್ಕ ಬರೆದು, ಮುಂದೆ ಬಳಿದು ನೋಡೋದು. ಹಸಿಯಲ್ಲಿ ತಿಳಿಯಾಗಿ ಕಾಣೋ ಬಣ್ಣ ಒಣಗಿದ ಮೇಲೆ ಗಾಢವಾಗುತ್ತೆ, ಅದಕ್ಕೇ ಕೂದಲು ಒಣಗಿಸೋ ಡ್ರೈಯರ್ ಹಿಡಿದು ಒಣಗಿಸೋದು. ಮೊದಲನೇ ರಟ್ಟು ಒಣಗಿದಾಗ ನನಗೆ ಇದೇ ಅನ್ನಿಸಿತು. ಆದರೆ ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟಾದ ಕ್ರಮ ಇತ್ತು. ಬಣ್ಣ ಬೆರೆಸಿದವರು ಅದನ್ನು ಪಾಸ್ ಮಾಡುವ ಹಾಗಿಲ್ಲ. ದಿಟ್ಟಿಸಿ ದಿಟ್ಟಿಸಿ ಕಣ್ಣಿಗೆ ಸುಸ್ತಾಗಿರುತ್ತೆ, ಮನಸ್ಸಿಗೆ ಮುಗಿದರೆ ಸಾಕಾಗಿರುತ್ತೆ, ಎದುರಿಗೆ ಏನಿಟ್ಟರೂ ಸರಿ ಅಂದುಬಿಡುತ್ತೆ. ಕೈ ಹಾಕದ ಇನ್ನೊಂದು ಕಣ್ಣು ನೋಡಿ ಹೌದು ಅನ್ನಬೇಕು. ಮನೆಯಲ್ಲಿ ಇದ್ದ ಇನ್ನೊಂದು ಕಣ್ಣು ಮಗಳದು. ಆ ಬಣ್ಣದೊಳಗೇ ಮಲಗಿ ಎದ್ದವಳು, ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?

ಅವಳು ರಟ್ಟನ್ನು ಮಹಡಿಗೆ ತೊಗೊಂಡು ಹೋಗಿ, ಗೋಡೆಗೆ ಹಿಡಿದು, ಬಹಳ ಹೊತ್ತು ನೋಡಿದಳು. ಆಮೇಲೆ 'ಇದಲ್ಲ' ಅಂದಳು.

'ಎಲ್ಲಿ ತಪ್ಪಿದೆ ಪುಟ್ಟಿ?'

'ಗೊತ್ತಿಲ್ಲ. ಕೆಂಪು ಜಾಸ್ತಿ ಅನ್ಸುತ್ತೆ.'

ನೀಲಿ ಸೇರಿಸಿದೆ. ಈಗ ತಣ್ಣಗಿದೆ ಅಂದಳು. ಕೆಂಪು ಸೇರಿಸಿ ಕಪ್ಪು ಇಳಿಸಿದೆ. ಆಳ ಇಲ್ಲ ಅಂದಳು. ಕಪ್ಪು ಏರಿಸಿದೆ. ಇದು ಹತ್ತಿರ ಇದೆ, ಆದ್ರೆ ಇದಲ್ಲ ಅಂದಳು. ಮರುದಿನ ಮತ್ತೆ ಅದೇ. ನನಗೆ ತಲೆ ಕೆಟ್ಟುಹೋಯಿತು. ಬೆಳಿಗ್ಗೆ ಸರಿ ಅನ್ನಿಸಿದ್ದು ಮಧ್ಯಾಹ್ನ ತಪ್ಪು ಅನ್ನಿಸೋದು. ತರಕಾರಿ ಅಂಗಡಿಯಲ್ಲಿ ನಾನು ಬದನೆಕಾಯಿ ಹಿಡಿದುಕೊಂಡು ಬಾಗಿಲ ಹತ್ತಿರದ ಬೆಳಕಿಗೆ ಹೋಗಿ ನಿಲ್ಲೋಳು, ಜನ ನೋಡೋರು. ಕೊನೆಗೆ ಎಲ್ಲ ನೇರಳೆಯೂ ಒಂದೇ ಥರ ಕಾಣೋಕೆ ಶುರುವಾಯಿತು. ಆಗ ನನಗೆ ನಿಜವಾಗಿ ಹೆದರಿಕೆ ಆಯಿತು. ಕೆಲಸದಿಂದ ತೆಗೆದಾಗ ರಿಸೆಷನ್ ಅಂದರು, ಒಪ್ಪಿಕೊಂಡಿದ್ದೆ. ಈಗ ಅನುಮಾನ ಬಂತು. ಇವಳ ಕಣ್ಣು ಹೋಗಿದೆ ಅಂತ ಅವರಿಗೆ ಮೊದಲೇ ಗೊತ್ತಾಗಿತ್ತೋ ಏನೋ, ಬಾಯಿಬಿಟ್ಟು ಹೇಳೋಕೆ ಸಂಕೋಚಪಟ್ಟುಕೊಂಡರೋ ಏನೋ. ಇನ್ನೊಂದು ಕೆಲಸಕ್ಕೆ ಅಪ್ಲೈ ಮಾಡುವ ಮುಖವೂ ಇಲ್ಲ ಅನ್ನಿಸಿಬಿಟ್ಟಿತು. ಅದನ್ನು ನಮ್ಮವರಿಗೆ ಹೇಳಲಿಲ್ಲ. ಬಣ್ಣ ಸಿಕ್ತಾ ಅಂತ ಅವರು ದಿನಾ ಕೇಳೋರು, ನಾನು ಇನ್ನೇನು ಸಿಗುತ್ತೆ ಅನ್ನೋಳು.

ಒಂದು ಮಾತ್ರ ಹೇಳಬೇಕು, ಆ ವಾರ ಮಗಳು ನನ್ನ ಜೊತೆ ಇದ್ದಷ್ಟು ಅದಕ್ಕೆ ಮುಂಚೆ ಎಷ್ಟೋ ದಿನದಿಂದ ಇರಲಿಲ್ಲ. ಕರೆಯದೇನೇ ಬಂದು ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕೂರೋಳು. ಇಲ್ಲಿಯ ಹೈಸ್ಕೂಲ್ ಆರ್ಕೆಸ್ಟ್ರಾದಲ್ಲಿ ಬರೋ ವರ್ಷ ಮುಂದಿನ ಸಾಲಲ್ಲಿ ಕೂತು, ಪಿಟೀಲಿನಂಥದೇ ಆ ವಯೋಲಾ ನುಡಿಸ್ತೀನಿ ಅನ್ನೋಳು. ಪಕ್ಕದ ಬೀದಿಯ ಗೆಳತಿಯ ನಾಯಿ ಮರಿ ಹಾಕಿದ ಕಥೆ ಹೇಳೋಳು. ನಾನು ತೊಟ್ಟು ಎಣಿಸುತ್ತಾ ಹಾಂ ಹೂಂ ಅನ್ನುತ್ತಿದ್ದೆ. ಅರ್ಧ ಕಿವಿಯಲ್ಲಿ ಕೇಳಿಸಿಕೊಂಡದ್ದು ಅರ್ಧವೇ ಅರ್ಥವಾಗಿತ್ತು.

ಶನಿವಾರಕ್ಕೆ ಇನ್ನೆರಡು ದಿನ ಇತ್ತು. ಸ್ವಿಚ್ಚುಗಳ ಮೇಲಿನ ಪ್ಲಾಸ್ಟಿಕ್ ಮುಚ್ಚಳಗಳು ಹಳದಿಗಟ್ಟಿವೆ, ಬದಲಾಯಿಸಿ ಅಂತ ಏಜೆಂಟ್ ಹೇಳಿದ್ದಳು. ಮಗಳು ಸೈಕಲ್ ಹತ್ತಿಕೊಂಡು ಗೆಳತಿಯ ಮನೆಗೆ ಹೋಗಿದ್ದಳು. ಅವಳ ಕೋಣೆಯ ಮುಚ್ಚಳದ ಸ್ಕ್ರೂ ತಿರುಗಿಸಿ ತೆಗೆದೆ. ಅದರ ಹಿಂದೆ, ಸ್ವಿಚ್ಚಿನ ಸುತ್ತ, ಬೆರಳಗಲ ನೇರಳೆ ಹಾಗೇ ಇತ್ತು. ನಾವು ಬಳಿಯುವಾಗ ಮುಚ್ಚಳ ಬಿಚ್ಚಿ ಬಳಿದಿದ್ದೆವು. ಆ ಪೇಂಟರ್ ಸೋಮಾರಿ, ಬಿಚ್ಚದೇ ಸುತ್ತ ಬಳಿದು ಹೋಗಿದ್ದ. ಇಷ್ಟು ದಿನ ಇದು ನನಗೆ ಹೊಳೆಯಲಿಲ್ಲವಲ್ಲ ಅಂತ ನನ್ನ ಬುದ್ಧಿಗೆ ನಾನೇ ಬೈದುಕೊಂಡೆ. ಕೆಳಗಿಳಿದು ರಟ್ಟುಗಳನ್ನೆಲ್ಲ ಹೊತ್ತು ತಂದು ಒಂದೊಂದಾಗಿ ಹಿಡಿದು ನೋಡಿದೆ. ಕೊನೆಯದು ಶಾಯಿ. ಅದರ ಹಿಂದಿನದು ಕೊಳೆತ ಬದನೆಕಾಯಿ. ಹಿಂದೆ ಹಿಂದೆ ಹೋದ ಹಾಗೆಲ್ಲ ಹತ್ತಿರವಾಗುತ್ತಾ ಬಂತು. ಮೊದಲನೇ ರಟ್ಟು ಇಟ್ಟಾಗ ಗೋಡೆ ಎಲ್ಲಿ ಮುಗಿಯುತ್ತೆ, ರಟ್ಟು ಎಲ್ಲಿ ಶುರುವಾಗುತ್ತೆ ಅಂತ ಗೊತ್ತಾಗಲಿಲ್ಲ.

ಕಿಟಕಿಯ ಪರದೆ ಪೂರ್ತಿ ಸರಿಸಿ ನೋಡಿದೆ. ದೀಪ ಹಾಕಿ ನೋಡಿದೆ. ಅದೇ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕಣ್ಣು ನೆಟ್ಟಗಿದೆ, ನನಗೇನೂ ಆಗಿಲ್ಲ, ಯಾರು ಬೇಕಾದರೂ ಇಂಟರ್ವ್ಯೂಗೆ ಕರೆಯಲಿ. ನಮ್ಮವರಿಗೆ ಫೋನ್ ಮಾಡೋಕೆ ಕೈಗೆ ಎತ್ತಿಕೊಂಡೆ, ನಂಬರ್ ಒತ್ತೋಕೆ ಮುಂಚೆ ಒಂದು ಯೋಚನೆ ಬಂತು. ಇದು ಸರಿಯಾಗಿದ್ದರೆ, ಅವಳು ಅಷ್ಟು ಹೊತ್ತು ನೋಡಿ ಅಲ್ಲ ಅಂದದ್ದು ಯಾಕೆ? ಕಾಣಿಸಲಿಲ್ಲವಾ? ಅಷ್ಟು ಚುರುಕು ಕಣ್ಣಿನ ಹುಡುಗಿಗೆ? ಫೋನ್ ಕೆಳಗಿಟ್ಟು ಮಂಚದ ಅಂಚಿನಲ್ಲಿ ಕೂತೆ.

ಮಗಳು ಬಂದಾಗ ನಾನು ಅಲ್ಲೇ ಇದ್ದೆ. ಬಾಗಿಲಲ್ಲಿ ನಿಂತು ಬಿಚ್ಚಿದ ಸ್ವಿಚ್ಚನ್ನೂ ನೆಲದ ಮೇಲೆ ಹರಡಿದ್ದ ರಟ್ಟುಗಳನ್ನೂ ನೋಡಿದಳು. ಅವಳಿಗೆ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

'ಮೊದಲನೇದೇ ಸರಿ ಇತ್ತು, ಅಲ್ವಾ?' ಅಂದೆ.

'ಹೌದು.'

'ಅವತ್ತೇ ಗೊತ್ತಾಗಿತ್ತಾ?'

'ನೋಡಿದ ತಕ್ಷಣ.'

'ಮತ್ತೆ ನಾನು ಇಷ್ಟು ಒದ್ದಾಡ್ತಾ ಇದ್ದಿದ್ದನ್ನ ನೋಡ್ಕೊಂಡು ಕೂತಿದ್ಯಲ್ಲೇ' ಅಂತ ನನ್ನ ದನಿ ಏರಿತು. ಅವಳು ಇಂಗ್ಲಿಷಿನಲ್ಲಿ, ನೆಲ ನೋಡಿಕೊಂಡು, 'ನಾನು ಸರಿ ಅಂದಿದ್ರೆ ನೀನು ಬಳಿದುಬಿಡ್ತಿದ್ದೆ. ಅವರು ತೊಗೊಂಡುಬಿಡ್ತಿದ್ರು. ನಂಗೆ ಇಲ್ಲಿಂದ ಹೋಗಕ್ಕೆ ಇಷ್ಟ ಇಲ್ಲ' ಅಂದಳು.

ಸಿಟ್ಟು ಬಂದ ಹಾಗೇ ಇಳಿದುಹೋಯಿತು, ಅದರ ಜಾಗದಲ್ಲಿ ಏನು ಬಂತು ಅಂತ ಮಾತ್ರ ನನಗೆ ತಿಳಿಯಲಿಲ್ಲ. ಇಷ್ಟು ದಿನ ಮನೆ ಮಾರಬೇಕು ಅಂತ ನಾವು ಗಂಡ ಹೆಂಡತಿ ಮಾತಾಡಿಕೊಂಡಿದ್ದೇ ಮಾತಾಡಿಕೊಂಡಿದ್ದು. ನಿನಗೆ ಇಷ್ಟಾನಾ ಅಂತ ಇವಳನ್ನು ಒಂದು ಮಾತು ಕೇಳಿದ್ದೆವಾ? ಗೋಡೆಯ ಬಣ್ಣ ಕೇಳಿದ್ದೆ. ಊರು ಬಿಡೋದನ್ನು ಕೇಳಿರಲಿಲ್ಲ. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, 'ಬೇಡ ಬಿಡು. ಬಣ್ಣ ಹೊಂದಲಿಲ್ಲ ಅಂತ ಏಜೆಂಟಿಗೆ ಫೋನ್ ಮಾಡಿಬಿಡ್ತೀನಿ. ಆ ಇನ್ನೊಂದು ಮನೇನೇ ತೊಗೊಳ್ಳಲಿ ಅವರು' ಅಂದೆ. ಸಮಾಧಾನಕ್ಕೆ ಹೇಳಿದ್ದಲ್ಲ, ಆ ಕ್ಷಣಕ್ಕೆ ಮನಸಾರೆ ಹೇಳಿದೆ. ನಮ್ಮವರಿಗೆ ಏನು ಹೇಳೋದು ಅನ್ನೋದು ತಲೆಗೇ ಬರಲಿಲ್ಲ.

ಅವಳು ಮೊದಲನೇ ರಟ್ಟನ್ನು ಕೈಗೆತ್ತಿಕೊಂಡು ಅದರ ಅಂಚು ಸವರಿದಳು.

'ಅಪ್ಪ ಅಲ್ಲಿ ನಿಂತ್ಕೊಂಡೇ ಊಟ ಮಾಡ್ತಾರೆ' ಅಂದಳು.

ನನಗೆ ಅರ್ಥವಾಗಲಿಲ್ಲ.

'ಸ್ಪ್ರಿಂಗ್ ಬ್ರೇಕ್ ರಜದಲ್ಲಿ ಅಪ್ಪನ ಹತ್ರ ಹೋಗಿದ್ನಲ್ಲ, ಆಗ ನೋಡ್ದೆ. ಟೇಬಲ್ ಇಲ್ಲ. ಇರೋದು ಒಂದೇ ಕುರ್ಚಿ, ಅದನ್ನ ನಂಗೆ ಕೊಟ್ರು. ನೀನು ಕಳಿಸಿದ ಡಬ್ಬಿನ ಸಿಂಕ್ ಹತ್ರ ಇಟ್ಕೊಂಡು, ಬಿಸಿ ಕೂಡ ಮಾಡ್ದೆ, ನಿಂತ್ಕೊಂಡೇ ತಿಂದ್ರು. ಯಾವಾಗ್ಲೂ ಹೀಗೇನಾ ಅಂತ ಕೇಳ್ದೆ. ಅಮ್ಮಂಗೆ ಹೇಳಬೇಡ ಅಂದ್ರು.'

ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳಿ, 'ಬಾ ಅಮ್ಮ, ಬಳಿಯೋಣ' ಅಂತ ಕನ್ನಡದಲ್ಲಿ ಅಂದಳು. ಎದ್ದು ಬೇಸ್‌ಮೆಂಟಿಗೆ ಹೋಗಿ ಡಬ್ಬಿ, ಬಾಟಲು, ರೋಲರ್ ಎಲ್ಲ ತಂದಿಟ್ಟಳು. ಸ್ಕ್ರೂಡ್ರೈವರ್ ಇನ್ನೂ ನನ್ನ ಕೈಯಲ್ಲೇ ಇತ್ತು, ಪೇಂಟ್ ಡಬ್ಬಿಯ ಮುಚ್ಚಳದ ಸಂದಿಗೆ ಇಟ್ಟು ಒತ್ತಿದರೆ ಮುಗಿಯಿತು. ಈ ಮನೆ ಯಾವಾಗ ಕೈಬಿಡುತ್ತೋ ಅಂತ ಎಷ್ಟು ದಿನದಿಂದ ಕಾಯುತ್ತಿದ್ದವಳು ನಾನು. ಕೈ ಏಳಲಿಲ್ಲ. ಅವಳು ನನ್ನ ಬೆರಳು ಬಿಡಿಸಿ ಸ್ಕ್ರೂಡ್ರೈವರ್ ತೊಗೊಂಡು, ಡಬ್ಬಿ ತಾನೇ ತೆರೆದಳು.